ಪದ ಪರಿಚಯ: ಸುಳಾದಿ

ಬೇರೆ ಬೇರೆ ತಾಳಗಳ ನುಡಿಗಳನ್ನು ಒಂದರ ಹಿಂದೊಂದು ಪೋಣಿಸಿ, ಎರಡು ಸಾಲಿನ ‘ಜತೆ’ಯಿಂದ ಮುಗಿಸುವ ದೀರ್ಘ ರಚನೆಯೇ ಸುಳಾದಿ.

ಹಳೆಯ ಸಂಗೀತಶಾಸ್ತ್ರದ ‘ಸಾಲಗಸೂಡ’ ಎಂಬ ಗೇಯಪ್ರಬಂಧಗಳಿಂದ ಈ ಹೆಸರು ಬಂತೆಂದು ವಿದ್ವಾಂಸರು ಹೇಳುತ್ತಾರೆ. ಅವರ ಪ್ರಕಾರ ‘ಸೂಡ’ದಿಂದ ಆದ ‘ಸೂಡಾದಿ’ಯ ದೀರ್ಘ ಕುಗ್ಗಿ, ಡಕಾರ ಳಕಾರವಾಗಿ ಸುಳಾದಿಯಾಯಿತು. ‘ಸುಳುಹಾದಿ’, ಅಂದರೆ ಸುಲಭ ದಾರಿ, ಎಂದು ಬಿಡಿಸುವವರೂ ಇದ್ದಾರೆ.

ಪಾಶ್ಚಾತ್ಯ ಸಂಗೀತದ ಪಿಯಾನೊ ಸೊನಾಟಾವೂ ಹೀಗೆಯೇ ಭಾಗಭಾಗವಾಗಿ ಸಾಗುವ ರಚನೆ; ಅದರ ಹೆಸರು ‘ನುಡಿಸು’ ಎಂಬರ್ಥದ ಇಟಾಲಿಯನ್ ಧಾತುವಿನದು. ಬೀಥೋವನ್‌ನ ‘ಮೂನ್‌ಲೈಟ್’ ಸೊನಾಟಾ ಮೂರು ಭಾಗಗಳಲ್ಲಿ ನಡೆ ಬದಲಿಸುತ್ತದೆ. ಸುಳಾದಿಯಲ್ಲಿ ನಡೆ ಬದಲಿಸುವ ಕೆಲಸ ತಾಳದ್ದು.

ರಾಯಚೂರು ಜಿಲ್ಲೆಗೆ ಈ ಪದ ಹೊಸದಲ್ಲ. ಸುಳಾದಿಗಳಿಗೆ ಹೆಸರಾದ ಹರಿದಾಸ ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರ್ವಿಯವರು. ಅವರ ಶಿಷ್ಯ ಗೋಪಾಲದಾಸರು ದೇವದುರ್ಗದ ಕಡೆಯ ಮೊಸರಕಲ್ಲಿನವರು. ಇಂದು ಸುಳಾದಿಗಳನ್ನು ಹಾಡುವುದಕ್ಕಿಂತ ಪಾರಾಯಣ ಮಾಡುವುದೇ ಹೆಚ್ಚು. ಸಂಗೀತ ಪಾಠದಲ್ಲಿ ಮಾತ್ರ ‘ಸುಳಾದಿ ಸಪ್ತತಾಳ’ ಎಂಬ ಬಳಕೆ ಗಟ್ಟಿಯಾಗಿ ಉಳಿದಿದೆ.

ಕಲಿಯುವವರು ಈ ಏಳು ತಾಳಗಳಲ್ಲಿ ಒಂದಾದ ಧ್ರುವತಾಳದಿಂದ ತೊಡಗಲಿ: ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಮತ್ತೊಂದು ಪೆಟ್ಟು, ಕೈ ಮಗುಚು, ಬಳಿಕ ಮೊದಲಿನ ನಾಲ್ಕೆಣಿಕೆ ಎರಡು ಸಲ. ಒಟ್ಟು 14 ಅಕ್ಷರ. ಕೈ ತಪ್ಪದಾದ ಮೇಲೆಯೇ ಸಾಹಿತ್ಯಕ್ಕೆ ಹೋಗಿ.