ಭಾಗ 4: ಈ ಕರಿ ಪರದೆ ಯಾರಿಗಂತ ಹುಟ್ಟಿದ್ದು?

ಬಿಕಾಂನವರಿಗೆ ಟ್ಯಾಲಿ ಸಾಕು, ಕರಿ ಪರದೆ ಮ್ಯಾಲೆ ಟೈಪ್ ಮಾಡೋದು ಕೋಡಿಂಗ್ ಮಂದಿ ಕೆಲಸ ಅಂತ ನೀವೂ ಅಂದಿರ್ತೀರಿ. ನಾನೂ ಅಂತಿದ್ದೆ. ಇತಿಹಾಸ ಉಲ್ಟಾ ಐತಿ ನೋಡ್ರಿ.

1970ರಲ್ಲಿ ಐಬಿಎಂನ ಎಡ್ಗರ್ ಕಾಡ್, ಮಾಹಿತಿಯನ್ನೆಲ್ಲ ಸಾಲು-ಕಾಲಂ ಇರೋ ಟೇಬಲ್‌ನಾಗ ಇಡೋಣ ಅಂತ ಬರೆದರು. ಆವಾಗೆಲ್ಲ ಕಂಪ್ಯೂಟರಿಂದ ಒಂದು ಹೊಸ ಲೆಕ್ಕ ಬೇಕಂದ್ರ ಪ್ರೋಗ್ರಾಮರ್ ಅದಕ್ಕಂತನ ಪ್ರೋಗ್ರಾಂ ಬರೀಬೇಕಿತ್ತು. 1974ರಲ್ಲಿ ಅದೇ ಕಂಪನಿಯ ಡೊನಾಲ್ಡ್ ಚೇಂಬರ್ಲಿನ್, ರೇಮಂಡ್ ಬಾಯ್ಸ್ ‘ಸೀಕ್ವೆಲ್’ ಭಾಷೆ ತಂದ್ರು. ಯಾರಿಗೆ? ಕಂಪ್ಯೂಟರ್ ತಜ್ಞರಲ್ಲದ, ಆದ್ರ ಕಲಿಯಾಕ ತಯಾರಿರೋ ಮಂದಿಗೆ ಅಂತ ಅವರ ಪ್ರಬಂಧದಾಗನ ಐತಿ. ಕೊಟ್ಟ ಉದಾಹರಣೆಯಾಗ ಮೊದಲು ಬರೋರು ಅಕೌಂಟೆಂಟ್! ಎಂಜಿನಿಯರ್ ಆಮ್ಯಾಲೆ. (ಬಾಯ್ಸ್ ಅದೇ ವರ್ಷ ತೀರಿಕೊಂಡರು, ಪಾಪ.) ಆ ಹೆಸರು ಬೇರೆ ಕಂಪನಿಯ ಟ್ರೇಡ್‌ಮಾರ್ಕ್ ಆಗಿದ್ದಕ್ಕ ಮುಂದ ಎಸ್‌ಕ್ಯೂಎಲ್ ಆತು. 1979ರಲ್ಲಿ ಒರಾಕಲ್ ಮಾರಾಟಕ್ಕ ಬಂತು. ಅದರ ಟೈಪ್ ಮಾಡೋ ಪರದೆಗೆ ಆಗ ಇಟ್ಟಿದ್ದ ಹೆಸರು ‘ಯೂಸರ್ ಫ್ರೆಂಡ್ಲಿ ಇಂಟರ್‌ಫೇಸ್’. ನಗಬ್ಯಾಡ್ರಿ.

ಈಗ ನಮ್ಮ ಕಾಖಂಡಕಿಗೆ ಬರ್ರಿ. ಹೊಲದ ಉತಾರ ಮೊದಲು ಗ್ರಾಮ ಲೆಕ್ಕಿಗರ ದಫ್ತರದಾಗ ಕೈಬರಹದಾಗ ಇರ್ತಿತ್ತು. 2000ದ ಆಸುಪಾಸು ‘ಭೂಮಿ’ ಯೋಜನೆಯಾಗ ರಾಜ್ಯದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿದವು. ಆವಾಗ ತಾಲ್ಲೂಕು ಕಚೇರಿಯಾಗ 15 ರೂಪಾಯಿ ಕೊಟ್ಟು ಸರ್ವೆ ನಂಬರ್ ಹೇಳಿದ್ರ ಪ್ರಿಂಟ್ ಕೈಗೆ ಸಿಗ್ತಿತ್ತು. ದೊಡ್ಡ ಕೆಲಸ, ಸುಳ್ಳಲ್ಲ. ಆದ್ರ ಕೌಂಟರಿನಾಗ ಏನು ಕೇಳಬಹುದು ಅನ್ನೋದು ಮೊದಲೇ ತೀರ್ಮಾನ ಆಗಿರ್ತೈತಿ: ಒಂದು ನಂಬರ್, ಒಂದು ಉತಾರ. ‘ಊರಾಗ ಎರಡು ಎಕರೆಗಿಂತ ಕಡಿಮಿ ಹೊಲ ಇದ್ದೋರು ಎಷ್ಟು ಮಂದಿ?’ ಅಂತ ರೈತ ಅಲ್ಲಿ ಕೇಳಂಗಿಲ್ಲ. ಡೇಟಾಬೇಸ್ ಮುಂದ ಕೂತವನಿಗೆ ಅದು ಒಂದೇ ಸಾಲಿನ ಪ್ರಶ್ನೆ. ಉತ್ತರ ನೋಡಿ ಇನ್ನೊಂದು ಕೇಳ್ತಾನ, ಅದರಿಂದ ಮತ್ತೊಂದು. ಅಂದ್ರ ಪ್ರಶ್ನೆ ಕೇಳೋ ಅಧಿಕಾರ ಯಾರ ಕೈಯಾಗೈತಿ ಅನ್ನೋದ ಇಲ್ಲಿ ಮುಖ್ಯ. ಅಕೌಂಟ್ಸ್ ಓದೋ ನಾವು ಯಾಕ ಕೌಂಟರಿನ ಈಚೆಗೇ ನಿಲ್ಲಬೇಕು?

ಎಸ್‌ಕ್ಯೂಲೈಟ್ ಅಂತ ಐತಿ. ರಿಚರ್ಡ್ ಹಿಪ್ 2000ದಾಗ ಹೊರತಂದದ್ದು, ಪೂರ್ತಿ ಪುಕ್ಕಟೆ. ನೀವು ಇದನ್ನ ಓದ್ತಿರೋ ಫೋನಿನೊಳಗೂ ಐತಿ. ಲ್ಯಾಬಿನ ಕಂಪ್ಯೂಟರಿನಾಗ ಹಾಕ್ಕೊಂಡು, ಮನಿ ಹತ್ರದ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಂಥ ಒಂದು ಟೇಬಲ್ ಮಾಡ್ರಿ. ಆಮ್ಯಾಲೆ ಕೇಳ್ರಿ:

SELECT ಹೆಸರು FROM ಉದ್ರಿ WHERE ಬಾಕಿ > 5000;

ಕೊನಿಗೆ ಸೆಮಿಕೋಲನ್ ಮರೀಬ್ಯಾಡ್ರಿ. ಅದಿಲ್ಲಂದ್ರ ನಿಮ್ಮ ಮಾತು ಇನ್ನೂ ಮುಗಿದಿಲ್ಲ ಅಂತ ತಿಳ್ಕೊಂಡು ಸುಮ್ನ ಕಾಯ್ಕೋತ ಕೂರ್ತೈತಿ.