ಘಟಕ ಪರೀಕ್ಷೆ: ತಂತ್ರಾಂಶ ದೋಷಕ್ಕೆ ಮೊದಲ ತಡೆಗೋಡೆ

2008ರ ಡಿಸೆಂಬರ್ 31ರಂದು ಮೈಕ್ರೋಸಾಫ್ಟ್ ಸಂಸ್ಥೆಯ 30 ಗಿಗಾಬೈಟ್ ಸಾಮರ್ಥ್ಯದ 'ಝೂನ್' ಸಂಗೀತ ಸಾಧನಗಳು ಇದ್ದಕ್ಕಿದ್ದಂತೆ ಸ್ತಬ್ಧಗೊಂಡವು. ಅವುಗಳ ಯಾವ ಬಿಡಿಭಾಗವೂ ಕೆಟ್ಟಿರಲಿಲ್ಲ. ದಿನಾಂಕವನ್ನು ಲೆಕ್ಕ ಹಾಕುವ ಕೆಲವೇ ಸಾಲುಗಳ ತಂತ್ರಾಂಶವು ಅಧಿಕ ವರ್ಷದ 366ನೆಯ ದಿನವನ್ನು ನಿಭಾಯಿಸಲಾಗದೆ ಸುತ್ತಿದಲ್ಲೇ ಸುತ್ತತೊಡಗಿತ್ತು. ಬ್ಯಾಟರಿ ಪೂರ್ತಿ ಬರಿದಾಗಲು ಬಿಟ್ಟು, ಮರುದಿನ ಮತ್ತೆ ಚಾಲನೆ ಮಾಡುವುದೊಂದೇ ಬಳಕೆದಾರರಿಗೆ ಉಳಿದ ದಾರಿಯಾಗಿತ್ತು.

ದೋಷದ ಸ್ವರೂಪ ಸರಳವಾದುದು. 1980ರಿಂದ ಕಳೆದ ಒಟ್ಟು ದಿನಗಳಲ್ಲಿ ವರ್ಷಕ್ಕೆ 365 ಅಥವಾ 366ರಂತೆ ಕಳೆಯುತ್ತ ಪ್ರಸಕ್ತ ವರ್ಷವನ್ನು ಕಂಡುಹಿಡಿಯುವುದು ಆ ತಂತ್ರಾಂಶದ ಕ್ರಮ. ಉಳಿದ ದಿನಗಳು 365ಕ್ಕಿಂತ ಹೆಚ್ಚಿರುವ ತನಕ ಲೆಕ್ಕ ಮುಂದುವರಿಯಬೇಕಿತ್ತು. ಆದರೆ ಅಧಿಕ ವರ್ಷದಲ್ಲಿ 366ಕ್ಕಿಂತ ಹೆಚ್ಚು ಉಳಿದಿದ್ದರೆ ಮಾತ್ರ ಕಳೆಯಬೇಕಿತ್ತು. ಉಳಿದದ್ದು ಸರಿಯಾಗಿ 366 ಆದಾಗ ಕಳೆಯುವಂತೆಯೂ ಇಲ್ಲ, ನಿಲ್ಲಿಸುವಂತೆಯೂ ಇಲ್ಲ. ಆ ಒಂದು ಸಂಖ್ಯೆಯನ್ನು ಮೊದಲೇ ಕೊಟ್ಟು ನೋಡಿದ್ದರೆ ದೋಷವು ಅಭಿಯಂತರರ ಮೇಜಿನ ಮೇಲೆಯೇ ಬಯಲಾಗುತ್ತಿತ್ತು. ಹೀಗೆ ತಂತ್ರಾಂಶದ ಒಂದೊಂದು ಸಣ್ಣ ತುಣುಕನ್ನು ಪ್ರತ್ಯೇಕವಾಗಿ ಪರೀಕ್ಷಿಸುವ ವಿಧಾನವೇ 'ಯೂನಿಟ್ ಟೆಸ್ಟಿಂಗ್', ಅಂದರೆ ಘಟಕ ಪರೀಕ್ಷೆ.

ಪರೀಕ್ಷೆ ನಡೆಯುವ ಬಗೆ

ಒಂದು ವರ್ಷವನ್ನು ಕೊಟ್ಟರೆ ಅದು ಅಧಿಕ ವರ್ಷವೇ ಅಲ್ಲವೇ ಎಂದು ತಿಳಿಸುವ ಘಟಕವೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 2024ಕ್ಕೆ 'ಹೌದು', 2023ಕ್ಕೆ 'ಅಲ್ಲ' ಎಂಬ ಉತ್ತರ ಬಂದರೆ ಸಾಲದು. ನೂರರಿಂದ ಭಾಗವಾಗುವ 1900 ಅಧಿಕ ವರ್ಷವಲ್ಲ. ನಾನೂರರಿಂದ ಭಾಗವಾಗುವ 2000 ಅಧಿಕ ವರ್ಷ. ನಾಲ್ಕರಿಂದ ಭಾಗಿಸಿ ನೋಡುವಷ್ಟಕ್ಕೇ ನಿಲ್ಲುವ ಘಟಕವು ಮೊದಲೆರಡು ಪ್ರಶ್ನೆಗಳಲ್ಲಿ ಉತ್ತೀರ್ಣವಾಗಿ, 1900ರಲ್ಲಿ ಎಡವುತ್ತದೆ. ಆದ್ದರಿಂದ ಪರೀಕ್ಷೆಯ ಬೆಲೆ ಪ್ರಶ್ನೆಗಳ ಸಂಖ್ಯೆಯಲ್ಲಿಲ್ಲ, ಅವುಗಳ ಆಯ್ಕೆಯಲ್ಲಿದೆ. ಸೊನ್ನೆ, ಋಣ ಸಂಖ್ಯೆ, ಖಾಲಿ ಪಟ್ಟಿ, ತಿಂಗಳ ಕೊನೆಯ ದಿನ ಮುಂತಾದ ಅಂಚಿನ ಸಂದರ್ಭಗಳಲ್ಲೇ ದೋಷಗಳು ಹೆಚ್ಚಾಗಿ ಅಡಗಿರುತ್ತವೆ.

ಈ ಪ್ರಶ್ನೋತ್ತರವನ್ನು ಪ್ರತಿ ಬಾರಿಯೂ ಕೈಯಿಂದ ನಡೆಸುವುದು ಬೇಸರದ ಕೆಲಸ. ಅದನ್ನು ಗಣಕಕ್ಕೇ ವಹಿಸಿಕೊಡುವುದು ಪರೀಕ್ಷಾ ಚೌಕಟ್ಟಿನ ಉದ್ದೇಶ. ಬರಬೇಕಾದ ಉತ್ತರವನ್ನು ಬಂದ ಉತ್ತರದೊಡನೆ ಹೋಲಿಸುವುದು, ಎಲ್ಲ ಪರೀಕ್ಷೆಗಳನ್ನೂ ಒಂದೇ ಆದೇಶಕ್ಕೆ ಓಡಿಸುವುದು, ಯಾವುದು ಎಲ್ಲಿ ವಿಫಲವಾಯಿತೆಂದು ವರದಿ ಮಾಡುವುದು, ಇವೇ ಅದರ ಮೂರು ಮುಖ್ಯ ಕೆಲಸಗಳು.

ಹಗುರ ಚೌಕಟ್ಟುಗಳ ಪರಂಪರೆ

ಅಮೆರಿಕದ ಕೆಂಟ್ ಬೆಕ್ 'ಸ್ಮಾಲ್‌ಟಾಕ್' ಭಾಷೆಗಾಗಿ ರೂಪಿಸಿದ 'ಎಸ್‌ಯೂನಿಟ್' ಈ ಬಗೆಯ ಚೌಕಟ್ಟುಗಳಿಗೆ ಮೂಲ. 1997ರಲ್ಲಿ ಅವರು ಸ್ವಿಟ್ಜರ್ಲೆಂಡಿನ ಎರಿಕ್ ಗಾಮಾ ಅವರೊಡನೆ ಜೂರಿಕ್‌ನಿಂದ ಅಟ್ಲಾಂಟಾಕ್ಕೆ ವಿಮಾನದಲ್ಲಿ ಪ್ರಯಾಣಿಸುತ್ತಿದ್ದಾಗ ಜಾವಾ ಭಾಷೆಯ 'ಜೆಯೂನಿಟ್' ಮೈದಳೆಯಿತು. ಒಂದು ಪ್ರಯಾಣದ ಅವಧಿಯಲ್ಲಿ ಅಡಿಪಾಯ ಹಾಕಬಹುದಾದಷ್ಟು ಸರಳವಾದ ಆ ಕಲ್ಪನೆ ಬಹುಬೇಗ ಇತರ ಭಾಷೆಗಳಿಗೂ ಹಬ್ಬಿತು. 2001ರಲ್ಲಿ ಬಿಡುಗಡೆಯಾದ ಪೈಥಾನ್ 2.1 ಆವೃತ್ತಿಯಿಂದ ಇಂಥ ಚೌಕಟ್ಟು ಆ ಭಾಷೆಯೊಡನೆಯೇ ದೊರೆಯುತ್ತಿದೆ. ಸಿ ಭಾಷೆಯ 'ಮಿನ್‌ಯೂನಿಟ್' ಇನ್ನೂ ಹಗುರ; ಅದರ ಇಡೀ ವಿಸ್ತಾರ ಮೂರೇ ಸಾಲು. ಹೆಚ್ಚುವರಿ ಸ್ಮೃತಿಯನ್ನು ಬೇಡದ ಕಾರಣ ಅದನ್ನು ತೀರಾ ಸಣ್ಣ ಉಪಕರಣಗಳಲ್ಲೂ ಬಳಸಬಹುದು. ಪರೀಕ್ಷೆ ಮಾಡಲು ದುಬಾರಿ ಸಲಕರಣೆ ಬೇಕೆಂಬ ನೆಪಕ್ಕೆ ಇದು ತಕ್ಕ ಉತ್ತರ.

ಪಾಲಿಸಬೇಕಾದ ನಿಯಮಗಳು

ಒಂದು ಪರೀಕ್ಷೆ ಮತ್ತೊಂದರ ಫಲಿತಾಂಶವನ್ನು ಅವಲಂಬಿಸಬಾರದು. ಯಾವ ಕ್ರಮದಲ್ಲಿ ಓಡಿಸಿದರೂ ಉತ್ತರ ಒಂದೇ ಆಗಿರಬೇಕು. ಅಂತರಜಾಲ ಸಂಪರ್ಕ, ದತ್ತಸಂಚಯ, ಅಂದಿನ ಗಡಿಯಾರ ಇವುಗಳ ಹಂಗು ಇರಕೂಡದು. ದಿನಾಂಕವನ್ನು ಯಂತ್ರದ ಗಡಿಯಾರದಿಂದ ಪಡೆಯುವ ಘಟಕವನ್ನು ಡಿಸೆಂಬರ್ 31ಕ್ಕಾಗಿ ಪರೀಕ್ಷಿಸಲು ಆ ದಿನದವರೆಗೆ ಕಾಯಬೇಕಾದೀತು. ದಿನಾಂಕವನ್ನು ಹೊರಗಿನಿಂದ ಒದಗಿಸುವಂತೆ ಘಟಕವನ್ನು ಬರೆದರೆ ಇಂದೇ ಪರೀಕ್ಷಿಸಬಹುದು. ಪರೀಕ್ಷೆಗೊಂದು ಕಾಲಮಿತಿಯೂ ಅಗತ್ಯ. ಇಲ್ಲವಾದರೆ ಝೂನ್ ಬಗೆಯ ದೋಷ ಎದುರಾದಾಗ ಪರೀಕ್ಷೆಯೇ ಮುಗಿಯದೆ ಉಳಿದೀತು.

ದೋಷವೊಂದು ಪತ್ತೆಯಾದೊಡನೆ ತಿದ್ದಲು ಧಾವಿಸುವುದಕ್ಕಿಂತ, ಮೊದಲು ಆ ದೋಷವನ್ನು ತೋರಿಸಿಕೊಡುವ ಪರೀಕ್ಷೆಯನ್ನು ಬರೆಯುವುದು ಒಳ್ಳೆಯ ಪದ್ಧತಿ. ಅದು ವಿಫಲವಾಗುವುದನ್ನು ಕಂಡ ಬಳಿಕ ತಿದ್ದುಪಡಿ ಮಾಡಬೇಕು. ಆಗ ಪರೀಕ್ಷೆ ಉತ್ತೀರ್ಣವಾದರೆ ತಿದ್ದುಪಡಿ ಸರಿಯೆಂದು ತಿಳಿಯುತ್ತದೆ. ಆ ಪರೀಕ್ಷೆಯನ್ನು ಅಳಿಸದೆ ಉಳಿಸಿಕೊಂಡರೆ, ಮುಂದೆ ಬೇರೆ ಯಾರೋ ಅದೇ ಸಾಲುಗಳಿಗೆ ಕೈಹಾಕಿದಾಗ ಹಳೆಯ ತಪ್ಪು ಸದ್ದಿಲ್ಲದೆ ಮರಳುವುದಿಲ್ಲ.

ಘಟಕ ಪರೀಕ್ಷೆಗೂ ಮಿತಿಗಳಿವೆ. ಒಂದೊಂದು ಇಟ್ಟಿಗೆ ಗಟ್ಟಿಯಾಗಿದ್ದ ಮಾತ್ರಕ್ಕೆ ಗೋಡೆ ನೆಟ್ಟಗಿರಬೇಕೆಂದಿಲ್ಲ. ಘಟಕಗಳನ್ನು ಜೋಡಿಸಿದ ಮೇಲೆ ನಡೆಸುವ ಪರೀಕ್ಷೆಗಳು ಬೇರೆಯೇ ಬೇಕು. ಕೇಳದ ಪ್ರಶ್ನೆಗೆ ಯಾವ ಚೌಕಟ್ಟೂ ಉತ್ತರ ಕೊಡದು. ಆದರೆ ಕೇಳಬೇಕಾದ ಪ್ರಶ್ನೆ ಕೆಲವೊಮ್ಮೆ 366 ಎಂಬ ಒಂದೇ ಸಂಖ್ಯೆಯಷ್ಟು ಚಿಕ್ಕದು. ಅದನ್ನು ಬರೆದಿಡಲು ತಗಲುವುದು ಕೆಲವೇ ನಿಮಿಷ. ಬರೆಯದೆ ಬಿಟ್ಟರೆ ಅದರ ಬೆಲೆ ತೆರುವವರು ಬಳಕೆದಾರರು.