ಫಿರಂಗಿಯ ಎತ್ತು: ಕೊಳ್ಳುವುದೋ, ಸಾಕುವುದೋ?

ತುಮಕೂರು ಜಿಲ್ಲೆಯಲ್ಲಿ 'ಕಾವಲ್' ಎಂದು ಕೊನೆಗೊಳ್ಳುವ ಸ್ಥಳನಾಮಗಳು ಹಲವು. ಕಾವಲು ಎಂದರೆ ದನ ಮೇಯಲು ಕಾದಿರಿಸಿದ ಹುಲ್ಲುಗಾವಲು. ಜಿಲ್ಲೆಯ ಎಷ್ಟೋ ಕಾವಲುಗಳು ಒಂದು ಕಾಲಕ್ಕೆ ಸೈನ್ಯದ ಸಾಗಣೆ ವ್ಯವಸ್ಥೆಯ ಭಾಗವಾಗಿದ್ದವು.

ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯೇ ಟಿಪ್ಪುವಿನ ಆಳ್ವಿಕೆಯಲ್ಲಿ 'ಅಮೃತ ಮಹಲ್' ಆಯಿತು. ಹೆಸರು ಹಾಲು–ಬೆಣ್ಣೆಯದಾದರೂ ಮುಖ್ಯ ಕೆಲಸ ಬೇರೆ: ಫಿರಂಗಿ, ಮದ್ದುಗುಂಡುಗಳನ್ನು ವೇಗವಾಗಿ ಎಳೆಯುವ ಎತ್ತುಗಳ ಪೂರೈಕೆ. ಬೇಸಿಗೆ, ಮಳೆಗಾಲ, ಚಳಿಗಾಲಗಳಿಗೆ ಬೇರೆ ಬೇರೆ ಕಾವಲುಗಳಿದ್ದವು. ಹಿಂಡು ಬಿಟ್ಟುಹೋದ ಕಡೆ ಹುಲ್ಲು ಮತ್ತೆ ಚಿಗುರಲು ಬಿಡುವು ಸಿಗುತ್ತಿತ್ತು. ಟಿಪ್ಪುವಿನ ಅಶ್ವದಳದೊಂದಿಗೆ ಹೆಸರು ಬೆಸೆದುಕೊಂಡಿರುವ ಕುಣಿಗಲ್ ಕುದುರೆ ಫಾರಂ ಹಿಂದೆಯೂ ಇದೇ ಆಲೋಚನೆ ಇತ್ತು: ಬೇಕಾದುದನ್ನು ಬೆಳೆಸಿಕೊಳ್ಳುವುದು.

1799ರಲ್ಲಿ ಟಿಪ್ಪು ಮಡಿದ ಬಳಿಕ ಹಿಂಡು ಮೈಸೂರು ಸರ್ಕಾರದ ವಶಕ್ಕೆ ಬಂದು ಸೊರಗಿತು. 1813ರಲ್ಲಿ ಮದ್ರಾಸ್ ಸೈನ್ಯದ ಸರಬರಾಜು ವಿಭಾಗದ ಕ್ಯಾಪ್ಟನ್ ಹಾರ್ವೆ ಉಸ್ತುವಾರಿ ವಹಿಸಿಕೊಂಡ ಮೇಲೆ ಚೇತರಿಸಿಕೊಂಡಿತು. ಆದರೆ 1860ರಲ್ಲಿ ಮದ್ರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲ್ಯನ್, ಮಿತವ್ಯಯದ ಹೆಸರಿನಲ್ಲಿ ಅದನ್ನು ಮುಚ್ಚಿಸಿದರು. ದನಗಳು ಮಾರಾಟವಾದವು, ಕೊಂಡವರಲ್ಲಿ ದೂರದ ಈಜಿಪ್ಟಿನ ಪಾಷಾ ಕೂಡ ಇದ್ದ!

ಲೆಕ್ಕದ ಪುಸ್ತಕದಲ್ಲಿ ಇದು ಉಳಿತಾಯವೇ. ದನಗಾಹಿಗಳ ಸಂಬಳ, ಕಾವಲಿನ ನಿರ್ವಹಣೆ ಎರಡೂ ಕಣ್ಣಿಗೆ ಕಾಣುವ ಖರ್ಚು. ಕಾಣದೆ ಹೋದದ್ದು ಕಾಲ. ಕರು ಬೆಳೆದು ಪಳಗಿ ನೊಗಕ್ಕೆ ಸಿದ್ಧವಾಗಲು ನಾಲ್ಕೈದು ವರ್ಷ ಬೇಕು. ತಳಿಯ ಗುಣ ನೆಲೆಗೊಳ್ಳಲು ಹಲವು ತಲೆಮಾರು. ಹಣ ಕೈಯಲ್ಲಿದ್ದ ಮಾತ್ರಕ್ಕೆ ಅಂಥ ಎತ್ತು ಪೇಟೆಯಲ್ಲಿ ಸಿಗುವುದಿಲ್ಲ. ಸೈನ್ಯಕ್ಕೆ ಇದು ಬೇಗನೆ ಅರಿವಾಯಿತು. 1866ರಲ್ಲಿ ಅದೇ ಮದ್ರಾಸ್ ಸರ್ಕಾರ ಹಿಂಡನ್ನು ಮತ್ತೆ ಕಟ್ಟಲು ತೊಡಗಿತು. ಮಾರಿದ್ದನ್ನೇ ಹುಡುಕಿ ಕೂಡಿಸುವ ಕೆಲಸ! 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಮರಳಿತು.

ಖರೀದಿ ಬೆಲೆಯೊಂದನ್ನೇ ನೋಡದೆ ಬಳಕೆಯ ವೆಚ್ಚವನ್ನೂ ಗಣಿಸುವ ಕ್ರಮ ಇಂದಿನ ಸರ್ಕಾರಿ ಖರೀದಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಬರುತ್ತಿದೆ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳು ವಿದ್ಯುತ್ ಉಪಕರಣ ಕೊಳ್ಳುವಾಗ ನಕ್ಷತ್ರ ಶ್ರೇಣಿಯನ್ನು ನೋಡಬೇಕೆನ್ನುತ್ತವೆ. ಹುಲ್ಲುಗಾವಲಿಗೆ ಯಾರೂ ನಕ್ಷತ್ರ ಅಂಟಿಸಿಲ್ಲ, ಅದು ಬೇರೆ ಮಾತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಅದರ ವಿಸ್ತೀರ್ಣ 615 ಎಕರೆ.